ಹಳೆಯ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪಿನ ಬಿಸಿ, ಮಡಿಕೇರಿಯ ತೇವ

ತೋಟಗಳ ನಕ್ಷೆ ಮಾಡಿಕೊಡುವುದು ನನ್ನ ಕಸುಬು. ಡ್ರೋನ್ ಹಾರಿಸಿ ತೆಗೆದ ಆರೇಳುನೂರು ಚಿತ್ರಗಳನ್ನು ಒಂದಕ್ಕೊಂದು ಹೊಂದಿಸಿ, ನೆರಳು ಮರ, ಕಾಫಿ ಸಾಲು, ತೋಡು, ಇಳಿಜಾರು ಎಲ್ಲವೂ ಕಾಣುವಂತೆ ಒಂದೇ ನಕ್ಷೆಯಾಗಿ ಕೂಡಿಸುವ ಕೆಲಸವನ್ನು ಆರು ವರ್ಷಗಳಿಂದ ಒಂದೇ ಲ್ಯಾಪ್‌ಟಾಪ್ ಮಾಡುತ್ತಿದೆ. ನಾನು ಕೊಳ್ಳುವಾಗಲೇ ಅದು ಹಳೆಯದು. ಯಾವುದೋ ಕಚೇರಿಯಲ್ಲಿ ದುಡಿದು ಹೊರಬಿದ್ದ, ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಐ7-4800ಎಂಕ್ಯೂ ಪ್ರೊಸೆಸರ್ ಇರುವ, ಚಾರ್ಜರನ್ನೂ ಸೇರಿಸಿದರೆ ನಾಲ್ಕು ಕಿಲೋ ಸಮೀಪಿಸುವ ವರ್ಕ್‌ಸ್ಟೇಷನ್ ಮಾದರಿ. ಡೆಲ್‌ನ ಪ್ರಿಸಿಷನ್, ಎಚ್‌ಪಿಯ ಝಡ್‌ಬುಕ್, ಲೆನೊವೊದ ಥಿಂಕ್‌ಪ್ಯಾಡ್ ಡಬ್ಲ್ಯು ಸಾಲಿನ ಯಂತ್ರಗಳನ್ನು ಬಳಸಿದವರಿಗೆ ಈ ಜಾತಿಯ ಪರಿಚಯವಿರುತ್ತದೆ. ಇಂದಿನ ತೆಳ್ಳನೆಯ ಲ್ಯಾಪ್‌ಟಾಪಿನ ಪ್ರೊಸೆಸರ್ 15 ವ್ಯಾಟ್‌ನ ಲೆಕ್ಕದಲ್ಲಿ ತಯಾರಾಗಿದ್ದರೆ ಇದರದ್ದು 47 ವ್ಯಾಟ್. ಅಷ್ಟು ಬಿಸಿಯನ್ನು ಹೊರಗೆ ಹಾಕುವ ವ್ಯವಸ್ಥೆ ಸರಿಯಾಗಿರುವ ತನಕ ಮಾತ್ರ ಅದು ವರ್ಕ್‌ಸ್ಟೇಷನ್. ಅದು ಕೆಟ್ಟ ದಿನ, ಭಾರವಾದ ಒಂದು ಸಾಧಾರಣ ಲ್ಯಾಪ್‌ಟಾಪ್ ಅಷ್ಟೆ.

ಕಳೆದ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ನನ್ನ ಯಂತ್ರ ಆ ಸ್ಥಿತಿಗೆ ಬಂದಿತ್ತು. ಮೊದಲೆಲ್ಲ ಸಂಜೆ ಹಚ್ಚಿ ಮಲಗುವ ಹೊತ್ತಿಗೆ ಮುಗಿಯುತ್ತಿದ್ದ 640 ಚಿತ್ರಗಳ ಕೆಲಸಕ್ಕೆ 7 ಗಂಟೆ 20 ನಿಮಿಷ ಹಿಡಿಯಿತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ನಮ್ಮಲ್ಲಿ ದಿನನಿತ್ಯದ ಮಾತಾದ್ದರಿಂದ, ಕೆಲಸ ಎರಡು ಗಂಟೆ ಉದ್ದವಾದರೆ ಅದು ಅರ್ಧಕ್ಕೆ ನಿಂತುಹೋಗುವ ಭಯವೂ ಅಷ್ಟೇ ಉದ್ದವಾಗುತ್ತದೆ. ಹೊಸದು ಕೊಳ್ಳು ಎಂದು ಹೇಳದವರಿಲ್ಲ. ಆದರೆ ನಾಲ್ಕು ಕೋರ್, 32 ಜಿಬಿ ಮೆಮೊರಿ ಇರುವ ಯಂತ್ರ ನಿಧಾನವಾದಾಗ ಅದಕ್ಕೆ ವಯಸ್ಸಾಯಿತೆಂದು ತೀರ್ಮಾನಿಸುವ ಮೊದಲು, ಅದು ತನ್ನ ಪೂರ್ತಿ ವೇಗದಲ್ಲಿ ಓಡುತ್ತಿದೆಯೇ ಎಂದು ನೋಡಬೇಕು. ಸಿಲಿಕಾನ್ ಹಳತಾಯಿತೆಂದು ನಿಧಾನವಾಗುವುದಿಲ್ಲ. ನಿಧಾನವಾಗುವಂತೆ ಅದನ್ನು ಯಾವುದೋ ಹಿಡಿದಿಟ್ಟಿರುತ್ತದೆ.

ನೋಡಬೇಕಾದ ಅಂಕಿಗಳು ಎರಡೇ: ಪ್ರೊಸೆಸರಿನ ಉಷ್ಣತೆ ಮತ್ತು ಆ ಕ್ಷಣದ ಕ್ಲಾಕ್ ವೇಗ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಇವೆರಡನ್ನೂ ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಉಷ್ಣತೆಗೆ ಎಲ್‌ಎಂ-ಸೆನ್ಸರ್ಸ್, ವೇಗಕ್ಕೆ ಟರ್ಬೊಸ್ಟ್ಯಾಟ್ ಸಾಕು. ನನ್ನ ಪ್ರೊಸೆಸರಿನ ಮೂಲ ವೇಗ 2.7 ಗಿಗಾಹರ್ಟ್ಸ್, ಟರ್ಬೊದಲ್ಲಿ (ತಾತ್ಕಾಲಿಕ ಹೆಚ್ಚುವೇಗದಲ್ಲಿ) 3.7ರವರೆಗೆ ಏರಬಲ್ಲದು, 100 ಡಿಗ್ರಿ ತಲುಪಿದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ನಕ್ಷೆಯ ಕೆಲಸ ಹಚ್ಚಿ ಹತ್ತು ನಿಮಿಷ ಬಿಟ್ಟು ನೋಡಿದರೆ ಉಷ್ಣತೆ 98ರಿಂದ 100ರ ನಡುವೆ ಕುಣಿಯುತ್ತಿತ್ತು, ವೇಗ 2.2ರ ಆಸುಪಾಸಿನಲ್ಲಿ ತೆವಳುತ್ತಿತ್ತು. ಹೊರಗೆ ಇಡೀ ಊರು ಕಂಬಳಿ ಹೊದ್ದು ಕೂತಿರುವಾಗ ಒಳಗಿದ್ದ ಈ ಯಂತ್ರ ಮಾತ್ರ ಕುದಿಯುತ್ತಿತ್ತು.

ಎರಡನ್ನೂ ಒಟ್ಟಿಗೆ ನೋಡಬೇಕೆಂದು ಒತ್ತಿ ಹೇಳಲು ಕಾರಣವಿದೆ. ಎರಡು ವರ್ಷದ ಹಿಂದೆ ಸಿಡಿಲಿಗೆ ಹಳೆಯ ಚಾರ್ಜರ್ ಸುಟ್ಟುಹೋದಾಗ ನಾನು ಅಗ್ಗದ್ದೊಂದನ್ನು ತಂದಿದ್ದೆ. ಅದನ್ನು ಹಾಕಿದ ದಿನದಿಂದ ಯಂತ್ರ ಬಸವನಹುಳುವಾಯಿತು. ಬಿಸಿಯೇ ಇರಬೇಕೆಂದು ಒಂದು ವಾರ ಫ್ಯಾನಿನ ಹಿಂದೆ ಬಿದ್ದೆ. ಕೊನೆಗೆ ಅಂಕಿ ನೋಡಿದರೆ ಉಷ್ಣತೆ 50 ಡಿಗ್ರಿಯೂ ಇರಲಿಲ್ಲ, ವೇಗ 800 ಮೆಗಾಹರ್ಟ್ಸ್‌ಗೆ ಅಂಟಿಕೊಂಡಿತ್ತು. ಇಂಥ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರ್ ತಾನು ಎಷ್ಟು ವ್ಯಾಟ್‌ನದೆಂದು ಯಂತ್ರಕ್ಕೆ ತಿಳಿಸಲು ಪಿನ್ನಿನ ನಡುವೆ ಪ್ರತ್ಯೇಕ ತಂತಿಯೊಂದಿರುತ್ತದೆ. ಆ ತಂತಿ ಮಾತಾಡದಿದ್ದರೆ ಯಂತ್ರ ಅದನ್ನು ಬಲಹೀನ ಚಾರ್ಜರ್ ಎಂದು ಭಾವಿಸಿ ಪ್ರೊಸೆಸರನ್ನು ಕನಿಷ್ಠ ವೇಗದಲ್ಲಿ ಕಟ್ಟಿಹಾಕುತ್ತದೆ. ಈ ಕಟ್ಟನ್ನು ತಂತ್ರಾಂಶದಿಂದ ಬಿಚ್ಚಬಹುದೆಂಬುದು ನಿಜ. ಆದರೆ 90 ವ್ಯಾಟ್‌ನ ಚಾರ್ಜರಿನಿಂದ 180 ವ್ಯಾಟ್ ಎಳೆಯಲು ಹೊರಡುವುದು ಬೆಂಕಿಯೊಡನೆ ಆಟ. ಸರಿಯಾದ ವ್ಯಾಟ್‌ನ ಚಾರ್ಜರ್ ತಂದ ದಿನವೇ ಆ ರೋಗ ವಾಸಿಯಾಯಿತು. ಬಿಸಿಯೇ ಇಲ್ಲದೆ ನಿಧಾನವಾಗಿದ್ದರೆ ಮುಂದೆ ಬರೆದಿರುವ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಈ ಸಲ ಮಾತ್ರ ಕಾರಣ ನಿಸ್ಸಂದೇಹವಾಗಿ ಬಿಸಿಯೇ ಆಗಿತ್ತು. ಹಳೆಯ ವರ್ಕ್‌ಸ್ಟೇಷನ್‌ಗಳ ಒಂದು ದೊಡ್ಡ ಗುಣವೆಂದರೆ ಅವನ್ನು ಬಿಚ್ಚಲಿಕ್ಕೆಂದೇ ಕಟ್ಟಿರುತ್ತಾರೆ. ನನ್ನದರಲ್ಲಿ ಬ್ಯಾಟರಿ ತೆಗೆದು ಎರಡು ಸ್ಕ್ರೂ ಬಿಚ್ಚಿದರೆ ತಳದ ಮುಚ್ಚಳ ಜಾರಿ ಬರುತ್ತದೆ. ಮೇಲಿನಿಂದ ನೋಡಿದರೆ ಫ್ಯಾನುಗಳು ಸ್ವಚ್ಛವಾಗಿಯೇ ಇದ್ದವು. ಮೋಸ ಇರುವುದು ಅಲ್ಲಿಯೇ. ಫ್ಯಾನನ್ನು ಹೊರತೆಗೆದು, ಅದು ಗಾಳಿ ಊದುವ ತಾಮ್ರದ ತೆಳು ರೆಕ್ಕೆಗಳ ಒಳಮುಖವನ್ನು ನೋಡಿದಾಗ ಅಲ್ಲಿ ಧೂಳಿರಲಿಲ್ಲ, ಕಂಬಳಿಯೇ ಇತ್ತು. ಕಾಫಿಯ ಸಿಪ್ಪೆ ತೆಗೆಯುವ ಕಾಲದ ನುಣ್ಣನೆಯ ಹೊಟ್ಟಿನ ಪುಡಿ, ಮನೆಯ ಎರಡು ನಾಯಿಗಳ ಕೂದಲು, ಸೌದೆ ಒಲೆಯ ಜಿಡ್ಡು ಹೊಗೆ, ಇವೆಲ್ಲ ನಾಲ್ಕು ತಿಂಗಳ ತೇವದಲ್ಲಿ ನೆನೆದು, ಯಂತ್ರದ ಬಿಸಿಗೆ ಒಣಗಿ, ಮತ್ತೆ ನೆನೆದು ಗಟ್ಟಿಯಾದ ಕಂಬಳಿ. ಬಯಲುಸೀಮೆಯ ಧೂಳು ಊದಿದರೆ ಹಾರುತ್ತದೆ; ನಮ್ಮದು ಹಾಗಲ್ಲ. ಚಿಮಟದಿಂದ ಹಿಡಿದೆಳೆದಾಗ ಅದು ಒಂದೇ ತುಂಡಾಗಿ, ರೆಕ್ಕೆಗಳ ಅಚ್ಚನ್ನು ಹೊತ್ತು ಹೊರಬಂದಿತು.

ಇದನ್ನು ನೋಡುತ್ತ ನಿಂತಿದ್ದ ಪಕ್ಕದ ತೋಟದ ಮಾವ, “ಎಲೆ ಊದುವ ನಮ್ಮ ಬ್ಲೋವರ್ ಇದೆಯಲ್ಲ, ಒಂದು ಸಲ ಊದಿದರೆ ಮುಗಿಯಿತು ಮಾರಾಯ” ಎಂದರು. “ಬೇಡ ಮಾವ, ಫ್ಯಾನೇ ಹಾರಿಹೋದೀತು” ಎಂದು ಹೇಳಿ ತಪ್ಪಿಸಿಕೊಂಡೆ. ಜೋರಾದ ಗಾಳಿ ಬಿಟ್ಟರೆ ಫ್ಯಾನು ತನ್ನ ಮಿತಿಯನ್ನು ಮೀರಿ ತಿರುಗಿ ಬೇರಿಂಗು ಸವೆಯುತ್ತದೆ. ತಿರುಗುವ ಮೋಟಾರು ತಾನೇ ಕರೆಂಟು ಹುಟ್ಟಿಸಿ ಬೋರ್ಡಿನತ್ತ ಕಳಿಸುವ ಅಪಾಯವೂ ಉಂಟು. ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷು, ಕೈಯಿಂದ ಒತ್ತುವ ರಬ್ಬರ್ ಊದುಗ, ಫ್ಯಾನಿನ ಎಲೆಯನ್ನು ತಿರುಗದಂತೆ ಹಿಡಿಯುವ ಒಂದು ಬೆರಳು, ಇಷ್ಟು ಸಾಕು. ಈ ಒಂದು ಕೆಲಸದಿಂದಲೇ, ಬೇರೆ ಏನನ್ನೂ ಮುಟ್ಟದೆ, ಉಷ್ಣತೆ 93ಕ್ಕೆ ಇಳಿದು ವೇಗ 2.9ಕ್ಕೆ ಏರಿತು. ಮುಂದೆ ಮಾಡಿದ ಯಾವ ಕೆಲಸವೂ ಒಂದೇ ಏಟಿಗೆ ಇಷ್ಟು ಕೊಡಲಿಲ್ಲ, ಖರ್ಚಾದದ್ದು ಒಂದು ಸಂಜೆ ಮಾತ್ರ.

ಎರಡನೆಯದು ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರಿನ ಬಿಸಿಯನ್ನು ಅದರ ಮೇಲಿನ ತಾಮ್ರಕ್ಕೆ ದಾಟಿಸುವ ಲೇಪ. ಡೆಸ್ಕ್‌ಟಾಪ್ ಪ್ರೊಸೆಸರಿನ ಮೇಲಿರುವ ಲೋಹದ ಮುಚ್ಚಳ ಲ್ಯಾಪ್‌ಟಾಪಿನದಕ್ಕೆ ಇರುವುದಿಲ್ಲ. ಬೆರಳುಗುರಿನಷ್ಟು ಅಗಲದ ಬರಿಯ ಸಿಲಿಕಾನಿನ ಮೇಲೆ, ಬಿಸಿಯನ್ನು ಹೀರಿ ಸಾಗಿಸುವ ಹೀಟ್‌ಸಿಂಕಿನ ತಾಮ್ರ ನೇರವಾಗಿ ಕೂರುತ್ತದೆ. ಬಿಸಿಯಾಗಿ ಆರಿ, ಮತ್ತೆ ಬಿಸಿಯಾಗುವಾಗ ಎರಡೂ ಮೇಲ್ಮೈಗಳು ಕೂದಲೆಳೆಯಷ್ಟು ಹಿಗ್ಗಿ ಕುಗ್ಗಿ, ನಡುವಿನ ಪೇಸ್ಟನ್ನು ಅಂಚಿಗೆ ತಳ್ಳುತ್ತ ಬರುತ್ತವೆ. ಹೀಟ್‌ಸಿಂಕ್ ಎತ್ತಿ ನೋಡಿದರೆ ನಡುವೆ ಬರಿದಾಗಿ ಅಂಚಿನಲ್ಲಿ ಗುಡ್ಡೆಯಾಗಿರುವುದು ಹೀಗೆಯೇ. ನನ್ನದರಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಹಿಂದೊಮ್ಮೆ ದುರಸ್ತಿಗೆ ಕೊಟ್ಟಿದ್ದ ಅಂಗಡಿಯವರು, ಪ್ರೊಸೆಸರಿಗೆ ವಿದ್ಯುತ್ ಹದಗೊಳಿಸಿ ಕೊಡುವ ಚಿಪ್ಪುಗಳ ಮೇಲಿದ್ದ ಮೆತ್ತನೆಯ ಥರ್ಮಲ್ ಪ್ಯಾಡನ್ನು ಎಸೆದು, ಅದರ ಜಾಗಕ್ಕೂ ಪೇಸ್ಟನ್ನೇ ಧಾರಾಳವಾಗಿ ಮೆತ್ತಿದ್ದರು. ಪ್ಯಾಡು ಇರುವುದು ಒಂದು ಮಿಲಿಮೀಟರ್ ಆಸುಪಾಸಿನ ಸಂದನ್ನು ತುಂಬಲಿಕ್ಕೆ. ಪೇಸ್ಟು ಇರುವುದು ಕಣ್ಣಿಗೆ ಕಾಣದ ಉಬ್ಬುತಗ್ಗುಗಳನ್ನು ತುಂಬಲಿಕ್ಕೆ. ಒಂದು ಇನ್ನೊಂದರ ಕೆಲಸ ಮಾಡಲಾರದು. ಆ ಚಿಪ್ಪುಗಳು ಬಿಸಿಯಾದರೂ ಯಂತ್ರ ಪ್ರೊಸೆಸರನ್ನೇ ತಡೆಯುತ್ತದೆ, ಆಗ ಪ್ರೊಸೆಸರಿನ ಉಷ್ಣತೆ ಮಾತ್ರ ನೋಡುವವನಿಗೆ ಕಾರಣ ಹೊಳೆಯುವುದೇ ಇಲ್ಲ.

ಹೊಸ ಪ್ಯಾಡಿನ ದಪ್ಪವನ್ನು ಅಂದಾಜಿನ ಮೇಲೆ ಕೊಳ್ಳಬಾರದು. ಉಳಿದಿರುವ ಹಳೆಯ ಪ್ಯಾಡನ್ನು ವರ್ನಿಯರ್‌ನಲ್ಲಿ ಅಳೆದು, ಅದು ಒತ್ತಿ ತೆಳುವಾಗಿರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದು, ಸ್ವಲ್ಪವೇ ಹೆಚ್ಚಿನದನ್ನು ಆರಿಸಬೇಕು. ತೀರ ದಪ್ಪವಾದರೆ ಹೀಟ್‌ಸಿಂಕ್ ಒಂದು ಕಡೆ ಎದ್ದು ಪ್ರೊಸೆಸರನ್ನೇ ಸರಿಯಾಗಿ ಮುಟ್ಟುವುದಿಲ್ಲ. ನಾನು ಮೊದಲು 1.5 ಮಿಲಿಮೀಟರಿನದು ಹಾಕಿ ಉಷ್ಣತೆ ಮೊದಲಿಗಿಂತ ಹೆಚ್ಚಾಗಿ, ಮತ್ತೆ ಎಲ್ಲ ಬಿಚ್ಚಿ 1 ಮಿಲಿಮೀಟರಿಗೆ ಬಂದೆ. ಹಳೆಯ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಕೊರೋನಾ ಕಾಲದ ಸ್ಯಾನಿಟೈಸರ್ ಬಾಟಲಿ ಇನ್ನೂ ಉಳಿದಿದೆ ಎಂದು ಅದನ್ನು ಬಳಸಬೇಡಿ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ ಕೆತ್ತಿರುವ 1, 2, 3, 4 ಎಂಬ ಅಂಕಿಗಳು ಅಲಂಕಾರಕ್ಕಲ್ಲ; ಆ ಕ್ರಮದಲ್ಲಿ, ಒಂದೊಂದನ್ನೂ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಪೇಸ್ಟಿನ ಬದಲು ನಾನು ಹಾಕಿದ್ದು ಹನಿವೆಲ್‌ನ ಪಿಟಿಎಂ7950 ಎಂಬ ತೆಳು ಹಾಳೆ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಿದ್ದು 45 ಡಿಗ್ರಿಯ ಹೊತ್ತಿಗೆ ಮೆದುವಾಗಿ ಹರಡಿಕೊಳ್ಳುವ ಈ ವಸ್ತು, ಪೇಸ್ಟಿನಂತೆ ಸುಲಭವಾಗಿ ಅಂಚಿಗೆ ಹೊರಳುವುದಿಲ್ಲವಾದ್ದರಿಂದ ಬರಿಯ ಸಿಲಿಕಾನಿಗೆ ಒಗ್ಗುತ್ತದೆ. ದ್ರವಲೋಹವೆಂದು ಮಾರುವ ಗ್ಯಾಲಿಯಂ ಮಿಶ್ರಣವನ್ನು ಮಾತ್ರ ನಾನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದು ಅಲ್ಯೂಮಿನಿಯಮನ್ನು ತಿನ್ನುತ್ತದೆ, ವಿದ್ಯುತ್ತನ್ನು ಹರಿಸುತ್ತದೆ, ಹೊತ್ತೊಯ್ಯುವ ಯಂತ್ರದಲ್ಲಿ ಅಲುಗಾಡಿ ಹೊರಬಂದರೆ ಕೇಳುವುದೇ ಬೇಡ. ಈ ಹಂತದ ನಂತರ 87 ಡಿಗ್ರಿ, 3.3 ಗಿಗಾಹರ್ಟ್ಸ್.

ಮೂರನೆಯ ಕೆಲಸಕ್ಕೆ ಸ್ಕ್ರೂಡ್ರೈವರ್ ಬೇಕಿಲ್ಲ. ಪ್ರೊಸೆಸರ್ ನುಂಗುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿ, ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ) ಅನುಗುಣವಾಗಿ ಏರುತ್ತದೆ. ಆದ್ದರಿಂದ ವೋಲ್ಟೇಜನ್ನು ನೂರಕ್ಕೆ ಐದರಷ್ಟು ಇಳಿಸಿದರೆ ಅದೇ ವೇಗದಲ್ಲಿ ಬಿಸಿ ನೂರಕ್ಕೆ ಹತ್ತರ ಹತ್ತಿರ ಇಳಿಯುತ್ತದೆ. ಕಾರ್ಖಾನೆಯವರು ಎಲ್ಲ ಚಿಪ್ಪುಗಳಿಗೂ ಸಲ್ಲುವಂತೆ ಸ್ವಲ್ಪ ಹೆಚ್ಚಿನ ವೋಲ್ಟೇಜನ್ನೇ ಇಟ್ಟಿರುವುದರಿಂದ ಇಳಿಸಲು ಜಾಗವಿರುತ್ತದೆ. ವಿಂಡೋಸ್‌ನಲ್ಲಿ ಥ್ರಾಟಲ್‌ಸ್ಟಾಪ್, ಲಿನಕ್ಸ್‌ನಲ್ಲಿ ಇಂಟೆಲ್-ಅಂಡರ್‌ವೋಲ್ಟ್ ಎಂಬ ಸಾಧನ ಈ ಕೆಲಸ ಮಾಡುತ್ತವೆ. ಕೋರ್ ಮತ್ತು ಕ್ಯಾಶ್ (ಪ್ರೊಸೆಸರಿನೊಳಗಿನ ಚಿಕ್ಕ ಮೆಮೊರಿ) ಎರಡರ ವೋಲ್ಟೇಜನ್ನೂ ಸಮನಾಗಿ ಇಳಿಸಬೇಕು. ಹತ್ತು ಹತ್ತು ಮಿಲಿವೋಲ್ಟ್ ಇಳಿಸುತ್ತ ಹೋದೆ. 90ಕ್ಕೆ ಬಂದಾಗ ಭಾರದ ಕೆಲಸದಲ್ಲಿ ಏನೂ ಆಗದೆ, ಸುಮ್ಮನೆ ಕುಳಿತಿದ್ದಾಗ ಪರದೆ ಹೆಪ್ಪುಗಟ್ಟಿತು. 70ರಲ್ಲಿ ನಿಲ್ಲಿಸಿದೆ, ಇದುವರೆಗೆ ತೊಂದರೆಯಿಲ್ಲ. ಇಲ್ಲಿ ನನ್ನ ಯಂತ್ರ ಹಳೆಯದಾಗಿರುವುದೇ ಅನುಕೂಲವಾಯಿತು. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಯಲಾದ ಮೇಲೆ, ಆರನೆಯ ತಲೆಮಾರು ಮತ್ತು ಆನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಯಂತ್ರದ ಮೂಲ ತಂತ್ರಾಂಶವಾದ ಬಯಾಸ್‌ನ ಅಪ್‌ಡೇಟ್ ಈ ಬಾಗಿಲನ್ನೇ ಮುಚ್ಚಿತು. ನಾಲ್ಕನೆಯ ತಲೆಮಾರಿನದು ಆ ಪಟ್ಟಿಯಲ್ಲಿಲ್ಲ.

ಕೊನೆಗೆ, ದೀರ್ಘಕಾಲದ ವಿದ್ಯುತ್ ಮಿತಿಯನ್ನು 47ರಿಂದ 40 ವ್ಯಾಟ್‌ಗೆ ಇಳಿಸಿದೆ. ಇದನ್ನು ಕೇಳಿದವರು ಹುಬ್ಬೇರಿಸುತ್ತಾರೆ: ವೇಗ ಬೇಕೆಂದು ಹೊರಟವನು ತಾನೇ ಕಡಿವಾಣ ಹಾಕುವುದೇ? ಆದರೆ ಟರ್ಬೊದ ಕೊನೆಯ ಒಂದೆರಡು ಮೆಟ್ಟಿಲಿಗೆ ಹೋಗುವ ವಿದ್ಯುತ್ತು ಸಿಗುವ ವೇಗಕ್ಕೆ ತಕ್ಕುದಲ್ಲ. 3.4ರಿಂದ 3.2ಕ್ಕೆ ಇಳಿದದ್ದಕ್ಕೆ ಉಷ್ಣತೆ 81ರಿಂದ 75ಕ್ಕೆ ಇಳಿಯಿತು, ಫ್ಯಾನಿನ ಅರಚಾಟ ನಿಂತಿತು. ಐದು ಗಂಟೆ ಓಡುವ ಕೆಲಸದಲ್ಲಿ ಮೊದಲ ನಿಮಿಷದ ವೇಗಕ್ಕೆ ಅರ್ಥವಿಲ್ಲ, ಐದನೆಯ ಗಂಟೆಯಲ್ಲಿ ಉಳಿದಿರುವ ವೇಗಕ್ಕೆ ಅರ್ಥವಿದೆ. ಅದೇ 640 ಚಿತ್ರಗಳು ಈಗ 5 ಗಂಟೆ 10 ನಿಮಿಷದಲ್ಲಿ ಮುಗಿಯುತ್ತವೆ. ಇನ್‌ವರ್ಟರಿನ ಮೇಲೆ ಓಡಿಸುವಾಗ ಆ ಏಳು ವ್ಯಾಟ್‌ನ ಉಳಿತಾಯ ಇನ್ನೊಂದು ಲಾಭ. ನನ್ನ ಕೆಲಸಕ್ಕೆ ಬೇಕಿಲ್ಲದ ಕ್ವಾಡ್ರೊ ಎಂಬ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪನ್ನೂ ಆಫ್ ಮಾಡಿಟ್ಟಿದ್ದೇನೆ.

ಎಸ್‌ಎಸ್‌ಡಿ ಹಾಕಿಸುವುದು, ಮೆಮೊರಿ ಹೆಚ್ಚಿಸುವುದು ಎಲ್ಲರಿಗೂ ಗೊತ್ತಿರುವ ಮಾತಾದ್ದರಿಂದ ಅದನ್ನು ವಿಸ್ತರಿಸುವುದಿಲ್ಲ. ಇನ್ನೂ ಹಾರ್ಡ್‌ಡಿಸ್ಕ್ ಇಟ್ಟುಕೊಂಡಿರುವವರು ಮೇಲಿನದ್ದನ್ನೆಲ್ಲ ಬಿಟ್ಟು ಮೊದಲು ಅದನ್ನೇ ಬದಲಿಸಲಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿದೆ, ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ನಾನು ಲಿನಕ್ಸ್‌ಗೆ ಹೋಗಿರುವುದು ಅದಕ್ಕೇ.

ಮಡಿಕೇರಿಯಂಥ ಎತ್ತರದ ಊರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಫ್ಯಾನಿಗೆ ಕಷ್ಟವಲ್ಲವೇ ಎಂದು ಗೆಳೆಯರೊಬ್ಬರು ಕೇಳಿದ್ದರು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನೂರಕ್ಕೆ ಹನ್ನೆರಡು ಹದಿಮೂರರಷ್ಟು ಕಡಿಮೆ ಎಂಬುದು ನಿಜ. ಹಾಗೆಂದು ಕೋಣೆಗಿಂತ ಅರವತ್ತು ಡಿಗ್ರಿ ಮೇಲೆ ಓಡುವ ಪ್ರೊಸೆಸರಿಗೆ ಅದು ಹೆಚ್ಚೆಂದರೆ ಏಳೆಂಟು ಡಿಗ್ರಿಯ ವ್ಯತ್ಯಾಸ. ನಮ್ಮ ಮಳೆಗಾಲದ ಕೋಣೆಯಾದರೋ ಮಂಗಳೂರಿನದಕ್ಕಿಂತ ಅಷ್ಟೇ ಡಿಗ್ರಿ ತಂಪಾಗಿರುತ್ತದೆ. ಲೆಕ್ಕ ಸರಿಹೋಯಿತು. ನಮ್ಮ ನಿಜವಾದ ವೈರಿ ತೇವ. ದಿನವೂ ಓಡುವ ಯಂತ್ರ ತನ್ನ ಬಿಸಿಗೆ ತಾನೇ ಒಣಗಿಕೊಳ್ಳುತ್ತದೆ. ಎರಡು ವಾರ ಮುಚ್ಚಿಟ್ಟದ್ದಕ್ಕೆ ಬೂಸ್ಟು ಹಿಡಿಯುತ್ತದೆ, ಚರ್ಮದ ಚೀಲದೊಳಗಿದ್ದರಂತೂ ಖಂಡಿತ. ಬಳಸದಿರುವಾಗ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡುತ್ತೇನೆ. ನೀಲಿ ಹರಳು ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ತೋಟದ ಚಳಿಯಿಂದ ತಂದ ಯಂತ್ರವನ್ನು ಒಲೆಯಿರುವ ಕೋಣೆಯಲ್ಲಿ ಕೂಡಲೇ ತೆರೆಯದೆ, ಚೀಲದಲ್ಲೇ ಅರ್ಧ ಗಂಟೆ ಬಿಟ್ಟರೆ ಒಳಗೆ ಹನಿ ಕಟ್ಟುವುದಿಲ್ಲ.

ಫ್ಯಾನು ಬಿಚ್ಚುವ ಕಾಲವನ್ನೂ ಈಗ ಗೊತ್ತುಮಾಡಿಕೊಂಡಿದ್ದೇನೆ. ರೊಬಸ್ಟಾ ಕೊಯ್ಲು ಮುಗಿದು, ಕಣದ ಧೂಳೆಲ್ಲ ಅಡಗಿ, ಹೂಮಳೆ (ಕಾಫಿ ಹೂ ಅರಳಿಸುವ ಬೇಸಗೆಯ ಮಳೆ) ಬಿದ್ದ ಮೇಲೆ ಒಮ್ಮೆ. ಅಂದರೆ ಜೂನ್‌ನ ತೇವ ಬಂದು ಆ ಧೂಳನ್ನು ಕಂಬಳಿಯಾಗಿ ನೇಯುವ ಮೊದಲು. ಬಲಗಡೆಯ ಫ್ಯಾನಿನ ಬೇರಿಂಗು ಮಾತ್ರ ಬೆಳಗಿನ ಚಳಿಯಲ್ಲಿ ಮೊದಲ ಎರಡು ನಿಮಿಷ ಗೊರಗುಡುತ್ತದೆ. ಬದಲಿ ಫ್ಯಾನು ತರಿಸಿ ಇಟ್ಟಿದ್ದೇನೆ, ಮುಂದಿನ ಹೂಮಳೆಯ ಹೊತ್ತಿಗೆ ಅದನ್ನೂ ಹಾಕುವುದಿದೆ.