ಜಯಲಕ್ಷ್ಮಿ ವಿಲಾಸದ ಬೋದಿಗೆ ಕೊನೆಗೂ ಕೂತಿತು

ಕೂತಿತು! ನಾನು ಮಾಡುತ್ತಿರುವ ಪುಟ್ಟ ಮಹಲಿನ ಮಾದರಿಗೆ ಏಳು ವಾರ ಸತಾಯಿಸಿದ ಬೋದಿಗೆ, ಅಂದರೆ ಕಂಬದ ತಲೆಯ ಭಾಗ, ನಿನ್ನೆ ರಾತ್ರಿ ಹನ್ನೊಂದೂವರೆಗೆ ಕಂಬದ ಮೇಲೆ ನೆಟ್ಟಗೆ ಕೂತಿತು. ಖುಷಿಗೆ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ. ಬೆಳಿಗ್ಗೆ ಎದ್ದವಳೇ ಮೊದಲು ಅದನ್ನೇ ನೋಡಿದೆ. ಅಲ್ಲೇ ಇತ್ತು, ವಾಲಿರಲಿಲ್ಲ.

ಗೋಡೆ, ಕಿಟಕಿ, ಮೆಟ್ಟಿಲ ಕೆಲಸ ಹೋದ ತಿಂಗಳೇ ಮುಗಿದಿತ್ತು. ಎಂಡಿಎಫ್ (ಮರದ ನಾರಿನ ಹಲಗೆ) ಕತ್ತರಿಸಿದ್ದು, ಉಜ್ಜಿದ್ದು, ಪ್ರೈಮರ್ ಹೊಡೆದದ್ದು ಎಲ್ಲ ಮಾಮೂಲಿ ಕೆಲಸ. ಅಳತೆ 1:50, ಅಂದರೆ ನಿಜದ ಐವತ್ತರಲ್ಲಿ ಒಂದು ಪಾಲು. ಮಾಡುತ್ತಿರುವುದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿರುವ ಜಯಲಕ್ಷ್ಮಿ ವಿಲಾಸದ ಮುಂಭಾಗ ಮಾತ್ರ. ಆ ಮಹಲಿಗೆ 125 ಕೋಣೆ, 300 ಕಿಟಕಿ, 287 ಬಾಗಿಲು. ಪೂರ್ತಿ ಮಾಡಿದರೆ ಅದನ್ನು ಇಡುವುದಕ್ಕೆ ನಾವು ಮನೆ ಬಿಟ್ಟು ಹೊರಡಬೇಕಾಗುತ್ತದೆ.

ನಾನು ಎಂಎ ಓದುವಾಗ ದಿನಾ ಅದರ ಮುಂದೆ ನಡೆದು ಹೋಗುತ್ತಿದ್ದೆ. 1905ರಲ್ಲಿ ಸುಮಾರು 7 ಲಕ್ಷ ರೂಪಾಯಿ ಖರ್ಚಿನಲ್ಲಿ ಕಟ್ಟಿದ್ದು. ಚಾಮರಾಜ ಒಡೆಯರ ಹಿರಿಯ ಮಗಳು, ನಾಲ್ವಡಿಯವರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರ ಮನೆ. ಅವರ ಯಜಮಾನರು ಕಾಂತರಾಜ ಅರಸು, ವಿಶ್ವೇಶ್ವರಯ್ಯನವರ ನಂತರ ದಿವಾನರಾದವರು. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಮಹಲು ಎದ್ದದ್ದು ಆಮೇಲೆ. ಆದರೂ ಆ ಕಾಲದ ಕಟ್ಟಡಗಳ ಗತ್ತು ಇದರಲ್ಲಿ ಹಾಗೇ ಇದೆ. ಜೋಡಿ ಜೋಡಿ ಕಂಬ, ಅವುಗಳ ಮೇಲೆ ಕಿರೀಟದಂಥ ಪೆಡಿಮೆಂಟು, ನಡುವೆ ನಮ್ಮ ಗಜಲಕ್ಷ್ಮಿ. ಗ್ರೀಸಿನ ಕಂಬಗಳ ಮೇಲೆ ನಮ್ಮ ಲಕ್ಷ್ಮಿ ಎಷ್ಟು ಸಲೀಸಾಗಿ ಕೂತಿದ್ದಾಳೆ ಅಂತ ನೋಡಿದಾಗಲೆಲ್ಲ ಅನಿಸುತ್ತದೆ.

1959ರಲ್ಲಿ, ಕುವೆಂಪು ಕುಲಪತಿಯಾಗಿದ್ದಾಗ, ವಿಶ್ವವಿದ್ಯಾನಿಲಯ ಇದನ್ನು ಕೊಂಡುಕೊಂಡಿತು. ಆಮೇಲೆ ಒಳಗೆ ಜಾನಪದ ವಸ್ತು ಸಂಗ್ರಹಾಲಯ ಬಂತು. ಅರಮನೆಯ ಕೋಣೆಗಳಿಗೆ ಹಳ್ಳಿಮನೆಯ ಸಾಮಾನುಗಳು ಬಂದು ಸೇರಿದವು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಬೋದಿಗೆ. ಗ್ರೀಕ್ ಶೈಲಿಗಳಲ್ಲಿ ಅಯಾನಿಕ್ ಅನ್ನುವ ಕಂಬದ ತಲೆಗೆ ಎರಡು ಸುರುಳಿ. ಅದನ್ನು ಹೇಗೋ ಮಾಡಬಹುದು. ನಾನು ಮಾಡುತ್ತಿರುವ ಕೊರಿಂಥಿಯನ್ ಶೈಲಿಯದು ಹಾಗಲ್ಲ. ಬುಟ್ಟಿಯ ಆಕಾರ, ಸುತ್ತ ಎರಡು ಸಾಲು ಅಕಾಂಥಸ್ ಗಿಡದ ಕಚ್ಚುಕಚ್ಚು ಅಂಚಿನ ಎಲೆ, ಸಾಲಿಗೆ ಎಂಟು. ಮೇಲಿನ ಸಾಲಿನ ಎಲೆ ಕೆಳಗಿನ ಎರಡು ಎಲೆಗಳ ಸಂದಿಯಿಂದ ಎದ್ದು ಬರಬೇಕು. ಪ್ರತಿ ಎಲೆಯ ತುದಿ ಹೊರಗೆ ಬಾಗಬೇಕು. ಮೇಲೆ ನಾಲ್ಕು ಮೂಲೆಗೆ ಸುರುಳಿ. ನನ್ನ ಕಂಬದ ದಪ್ಪ 10 ಮಿಮೀ. ಲೆಕ್ಕ ಹಾಕಿ ನೋಡಿ, ಒಂದು ಎಲೆಗೆ ಸಿಗುವ ಅಗಲ 4 ಮಿಮೀ ಕೂಡ ಇಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಜೇಡಿಯಲ್ಲಿ ಒಂದು ಮಾದರಿ, ಅದರಿಂದ ಸಿಲಿಕಾನ್ ಅಚ್ಚು, ಅಚ್ಚಿಗೆ ಸುರಿದರೆ ಗಟ್ಟಿಯಾಗುವ ಪಾಲಿಯುರೆಥೇನ್ ರೆಸಿನ್. ಸಿಲಿಕಾನ್ ಬರುವುದೇ ಹದಿನೆಂಟು ದಿನ ತಡವಾಯಿತು. ರೆಸಿನ್ ಡಬ್ಬದ ತಾರೀಖಿನ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರು. ಕಿತ್ತು ನೋಡಿದರೆ ಅವಧಿ ಮುಗಿದು ಐದು ತಿಂಗಳಾಗಿತ್ತು. ಅಂಗಡಿಯವರನ್ನು ಕೇಳಿದರೆ, "ಏನೂ ಆಗಲ್ಲ ಮೇಡಂ, ಎಲ್ಲರೂ ಇದನ್ನೇ ತಗೋತಾರೆ" ಅಂದರು. ಹಳಸಿದ ಮೊಸರನ್ನು ಹೀಗೆ ಹೇಳಿ ಮಾರುತ್ತಾರಾ? ಚಿಕ್ಕ ಹವ್ಯಾಸದವರ ದುಡ್ಡೂ ದುಡ್ಡೇ ಅಲ್ವಾ. ನನಗೆ ನಿಜಕ್ಕೂ ಸಿಟ್ಟು ಬಂತು. ಬೇರೆ ಕಡೆಯಿಂದ ಹೊಸ ಡಬ್ಬ ತರಿಸಿದೆ.

ಹೊಸದರಲ್ಲೂ ಅದೇ ಕಥೆ. ಅಚ್ಚು ಬಿಚ್ಚಿದರೆ ಬೋದಿಗೆಯ ತುಂಬ ತೂತು. ಪಕ್ಕದ ಮನೆ ಹುಡುಗ ನೋಡಿ, "ಆಂಟಿ, ಮೈಸೂರು ಪಾಕ್ ಮಾಡಿದ್ರಾ?" ಅಂತ ಕೇಳಿದ. ಹಾಗೇ ಇತ್ತು. ಕಾರಣ ಮಳೆಗಾಲ. ಈ ರೆಸಿನ್‌ಗೆ ತೇವ ತಾಗಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ನೊರೆ ಏಳುತ್ತದೆ. ಜುಲೈ ತಿಂಗಳ ಮೈಸೂರಿನಲ್ಲಿ ಉಪ್ಪಿನ ಡಬ್ಬಿಯೇ ಒದ್ದೆ. ಇನ್ನು ರೆಸಿನ್ ಒಣಗಿರು ಅಂದರೆ ಎಲ್ಲಿಂದ ಇರುತ್ತದೆ? ಅಚ್ಚನ್ನು ಬಲ್ಬಿನ ಕೆಳಗೆ ಬಿಸಿ ಮಾಡಿದೆ. ಡಬ್ಬವನ್ನು ಅಕ್ಕಿಯಲ್ಲಿ ಹೂತಿಟ್ಟೆ. ತೂತು ಕಡಿಮೆಯಾದವು, ಹೋಗಲಿಲ್ಲ. ಎಪಾಕ್ಸಿ ಅನ್ನುವ ಬೇರೆ ರೆಸಿನ್‌ಗೆ ಬದಲಾಯಿಸಿದೆ. ತೂತು ಹೋದವು. ಆದರೆ ಬಾಗಿದ ಎಲೆಗಳು ಸಿಲಿಕಾನನ್ನು ಕಚ್ಚಿ ಹಿಡಿದು, ಮೂರನೇ ಸಲಕ್ಕೇ ಅಚ್ಚು ಹರಿದು ಬಂತು.

ಎರಡು ವಾರ ಅದರ ಕಡೆ ತಿರುಗಿ ನೋಡಲಿಲ್ಲ. ಆಗಲೇ ಚಿಕ್ಕಪ್ಪನ ಮಗಳ ಮದುವೆ ಬಂತು. ಸಾಮಾನು ತರಲು ದೊಡ್ಡಮ್ಮನ ಜೊತೆ ಗ್ರಂದಿಗೆ ಅಂಗಡಿಗೆ ಹೋದೆ. ಬಾಸಿಂಗ ಆರಿಸುವಾಗ ಒಂದನ್ನು ಕೈಗೆ ತೆಗೆದುಕೊಂಡೆ. ಬಿಳಿ ಬೆಂಡು, ಗಿಡದ ಹಗುರ ತಿರುಳು. ಅಂಚಿನ ತುಂಬ ಸಣ್ಣ ಸಣ್ಣ ಎಲೆ, ಒಂದೊಂದೂ ಹೊರಗೆ ಬಾಗಿದೆ. ನಾನು ನಿಂತಲ್ಲೇ ನಿಂತೆ. ದೊಡ್ಡಮ್ಮ, "ಏನೇ, ನಿನ್ನ ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು, ಅದನ್ನ ಹಾಗೆ ನೋಡ್ತೀಯಲ್ಲ" ಅಂದರು. ವಿಷಯ ಹೇಳಿದೆ. "ಇಷ್ಟೇನಾ? ಒಂದೊಂದು ಎಲೆ ಯಾರು ಕತ್ತರಿಸ್ತಾರೆ? ಪಟ್ಟಿ ಮಾಡಿ ಕಚ್ಚು ಹಾಕೇ, ಆಮೇಲೆ ಸುತ್ತು" ಅಂದರು.

ಇಡೀ ಗುಟ್ಟು ಅಷ್ಟೇ! ಮಾಡಿದ ಕ್ರಮ ಹೇಳುತ್ತೇನೆ. ಬೆಂಡನ್ನು ಹೊಸ ಬ್ಲೇಡಿನಿಂದ ಕಾಗದದಷ್ಟು ತೆಳ್ಳಗೆ ಸೀಳಬೇಕು. ಬ್ಲೇಡು ಸ್ವಲ್ಪ ಮೊಂಡಾದರೂ ಬೆಂಡು ಪುಡಿಯಾಗುತ್ತದೆ, ಹಾಗಾಗಿ ಜಿಪುಣತನ ಬೇಡ. 32 ಮಿಮೀ ಉದ್ದದ ಪಟ್ಟಿಗೆ ಎಂಟು ಹಲ್ಲು, ಬಾಚಣಿಗೆಯ ಹಾಗೆ. ಪ್ರತಿ ಹಲ್ಲಿನ ಅಂಚಿಗೆ ಎರಡೆರಡು ಸಣ್ಣ ಕಚ್ಚು. ಆಮೇಲೆ ಕುದಿಯುವ ನೀರಿನ ಹಬೆಗೆ ಎರಡು ಸೆಕೆಂಡು ಹಿಡಿದು, ತುದಿಗಳನ್ನು ದಪ್ಪ ಸೂಜಿಯ ಮೇಲೆ ಬಾಗಿಸಿ ಬಿಡಬೇಕು. ಒಣಗಿದ ಮೇಲೆ ಬಾಗಿದ್ದು ಬಾಗಿದ ಹಾಗೇ ನಿಲ್ಲುತ್ತದೆ. ರೆಸಿನ್ ಕೆಡಿಸಿದ ಅದೇ ತೇವ ಇಲ್ಲಿ ಕೆಲಸ ಮಾಡಿಕೊಟ್ಟಿತು.

ಮೇಲಿನ ಸಾಲನ್ನು ಮೊದಲು ಅಂಟಿಸಿ. ನಾನು ಕೆಳಗಿನದನ್ನು ಮೊದಲು ಸುತ್ತಿ ಎರಡು ಬೋದಿಗೆ ಹಾಳಾದವು, ಮೇಲಿನ ಪಟ್ಟಿಯ ಬುಡ ಮುಚ್ಚುವುದಕ್ಕೆ ಏನೂ ಉಳಿಯಲಿಲ್ಲ. ನೀರು ಬೆರೆಸಿದ ಫೆವಿಕಾಲ್ ಸಾಕು. ಮೂಲೆಯ ಸುರುಳಿಗೆ ಒಂದು ಮಿಮೀ ಪಟ್ಟಿಯನ್ನು ಗುಂಡುಪಿನ್ನಿಗೆ ಸುತ್ತಿದೆ. ಎಲ್ಲಕ್ಕಿಂತ ಮೇಲೆ ಕೂರುವ ಮುಚ್ಚುಹಲಗೆಯ ನಾಲ್ಕೂ ಬದಿ ಸ್ವಲ್ಪ ಒಳಗೆ ಬಾಗಿರಬೇಕು. ನೆಟ್ಟಗೆ ಬಿಟ್ಟರೆ ಬೋದಿಗೆ ಡಬ್ಬದ ಹಾಗೆ ಕಾಣುತ್ತದೆ.

ಮದುವೆಯ ಬಾಸಿಂಗದ ಬೆಂಡು ಈ ಮಹಲಿನ ಕಂಬಕ್ಕೆ ಹೋಯಿತು ಅನ್ನುವುದೇ ನನಗೆ ಜಾಸ್ತಿ ಹಿಡಿಸಿದ್ದು. ಅಲ್ಲಿ ಒಳಗೆ ಕಲ್ಯಾಣ ಮಂಟಪವೇ ಇದೆ. ಹಳ್ಳಿಯ ಕೈಕೆಲಸವನ್ನೆಲ್ಲ ತುಂಬಿಕೊಂಡ ಮನೆ ಬೇರೆ. ರೆಸಿನ್‌ಗಿಂತ ಇದೇ ಸರಿ ಅನಿಸಿತು.

ಹಾಂ, ಮುಂದಿನ ಕೆಲಸವೂ ತಲೆಗೆ ಹೊಕ್ಕಿದೆ. ಜಯಲಕ್ಷ್ಮಮ್ಮಣ್ಣಿಯವರ ಇಬ್ಬರು ತಂಗಿಯರಿಗೂ ಮೈಸೂರಿನಲ್ಲಿ ಮಹಲುಗಳಿದ್ದವು. ಚೆಲುವಾಜಮ್ಮಣ್ಣಿಯವರದ್ದು ಈಗ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಕೃಷ್ಣಾಜಮ್ಮಣ್ಣಿಯವರ ಕಾರಂಜಿ ಮಹಲು ಈಗ ಅಂಚೆ ತರಬೇತಿ ಕೇಂದ್ರ. ಕೃಷ್ಣಾಜಮ್ಮಣ್ಣಿ ಚಿಕ್ಕ ವಯಸ್ಸಿಗೇ ಕ್ಷಯದಿಂದ ಹೋದರು. ಕೆಆರ್‌ಎಸ್ ರಸ್ತೆಯ ಕ್ಷಯರೋಗ ಆಸ್ಪತ್ರೆಗೆ ಅವರ ಹೆಸರೇ ಇದೆ. ಮೂರೂ ಮಹಲುಗಳ ಮುಂಭಾಗ ಮಾಡಿ ದಸರಾ ಗೊಂಬೆಯ ಒಂದೇ ಮೆಟ್ಟಿಲ ಮೇಲೆ ಅಕ್ಕ ತಂಗಿಯರನ್ನು ಅಕ್ಕಪಕ್ಕ ಕೂರಿಸಬೇಕು ಅಂತ ಆಸೆ. ಈ ವರ್ಷ ಅಕ್ಕನ ಮನೆ ಮಾತ್ರ. ಕಾರಂಜಿ ಮಹಲಿನ ಫೋಟೋ ತೆಗೆಯುವುದಕ್ಕೆ ಬರುವವರಿದ್ದರೆ ಹೇಳಿ. ಒಂದು ಮೀಟರ್ ಕೋಲು ಹಿಡಿದು ನಿಲ್ಲುವುದಕ್ಕೆ ಒಬ್ಬರು ಬೇಕು, ಇಲ್ಲದಿದ್ದರೆ ಎತ್ತರದ ಲೆಕ್ಕ ಸಿಗುವುದಿಲ್ಲ.

ಸದ್ಯಕ್ಕೆ ಒಂದು ಬೋದಿಗೆ ಕಂಬದ ಮೇಲಿದೆ, ಮೂರು ಫ್ರಿಜ್ಜಿನ ಮೇಲೆ ಒಣಗುತ್ತಿವೆ. ಫ್ಯಾನ್ ಹಾಕಬೇಡಿ ಅಂತ ಚೀಟಿ ಅಂಟಿಸಿದ್ದೇನೆ. ದೊಡ್ಡಮ್ಮ ಭಾನುವಾರ ಬರುತ್ತಾರೆ. ಬರುವಾಗ ಇನ್ನೊಂದು ಕಟ್ಟು ಬೆಂಡು ತರುತ್ತಾರಂತೆ.