ಎಂಟೇ ಹಲ್ಲು

14 ಜುಲೈ 2024, ಭಾನುವಾರ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಊಟವಾದ ಮೇಲೆ ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ಹಸುವಿಗೆ ಮುಂದಿನ ಹಲ್ಲು ಎಷ್ಟು?"

"ಮೇಲೆ ಇಲ್ವೇ ಇಲ್ಲ. ಕೆಳಗೆ ಎಂಟು. ಎಂಟೂ ಬಂದ್ರೆ ಬಾಯಿಗೂಡ್ತು ಅಂತ. ಯಾಕೋ, ಹಸು ಕಟ್ತೀಯಾ?"

ನನಗೆ ಬೇಕಿದ್ದದ್ದು ಎಲ್ಕ್ ಲೆಕ್ಕ. ಅಮೆರಿಕದವರು ಮೂಸ್ ಎನ್ನುವ ಭಾರೀ ಜಿಂಕೆ ಅದು. ಅದಕ್ಕೂ ಅಷ್ಟೇ, ಕೆಳಗೆ ಎಂಟು. ರಷ್ಯಾದ ಒನೆಗಾ ಸರೋವರದಲ್ಲಿ ಯೂಝ್ನಿ ಒಲೆನಿ ಒಸ್ತ್ರೋವ್ ಎಂಬ ನಡುಗಡ್ಡೆಯಿದೆ. ಅಲ್ಲಿ ಸುಮಾರು 8,200 ವರ್ಷ ಹಳೆಯ ಸ್ಮಶಾನ. 1930ರ ದಶಕದಲ್ಲಿ ಅಗೆದಾಗ 177 ಜನರನ್ನು ಹೂತದ್ದು ಕಂಡಿತು. ಅವರ ಜೊತೆ ಎಲ್ಕ್‌ನ 4,300ಕ್ಕೂ ಹೆಚ್ಚು ಮುಂದಿನ ಹಲ್ಲುಗಳು. ಎಂಟರಿಂದ ಭಾಗಿಸಿ ನೋಡಿದೆ. 500ಕ್ಕೂ ಜಾಸ್ತಿ ಪ್ರಾಣಿ!

ಹಲ್ಲಿಗೆ ತೂತು ಕೊರೆಯುವ ಗೋಜಿಗೆ ಅವರು ಹೆಚ್ಚಾಗಿ ಹೋಗಿಲ್ಲ. ಬೇರಿನ ತುದಿಯಲ್ಲಿ ಕಲ್ಲಿನ ಅಲಗಿನಿಂದ ಸಣ್ಣ ಗೀರು ಕೊರೆದು, ಅದರಲ್ಲಿ ದಾರ ಬಿಗಿದಿದ್ದಾರೆ. ಕೆಲವೇ ನಿಮಿಷದ ಕೆಲಸ. ಹೀಗೆ ಕಟ್ಟಿದ ಸಾಲುಗಳು ಎದೆ, ಸೊಂಟ, ತೊಡೆಯ ಸುತ್ತ ಸಿಕ್ಕಿವೆ. ಮಕ್ಕಳಿಗೆ, ಮುದುಕರಿಗೆ ಕಡಿಮೆ. ಪ್ರಾಯದ ಗಂಡಸು ಹೆಂಗಸು ಇಬ್ಬರಿಗೂ ಜಾಸ್ತಿ.

ನನಗೆ ಇಷ್ಟವಾದದ್ದು ಇದರ ಸದ್ದಿನ ಕಥೆ. ಫಿನ್ಲೆಂಡಿನ ಸಂಶೋಧಕರು ಅಂಥದ್ದೇ ಹಲ್ಲಿನ ಉಡುಗೆ ಮಾಡಿಸಿದರು. ಒಬ್ಬ ಕಲಾವಿದರು ಅದನ್ನು ತೊಟ್ಟು ಆರು ಗಂಟೆ ಕುಣಿದರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹಲ್ಲಿಗೆ ಹಲ್ಲು ಬಡಿದು ಪುಟ್ಟ ಪುಟ್ಟ ಕುಳಿಗಳು. ಸಮಾಧಿಯ ಹಲ್ಲುಗಳ ಮೇಲೂ ಅವೇ ಗುರುತು, ಇನ್ನೂ ಆಳವಾಗಿ. ಅಂದರೆ ಅವರು ತೊಟ್ಟು ಕುಣಿದಾಗಲೂ ಹಲ್ಲುಗಳು ಸದ್ದು ಮಾಡಿರಬೇಕು. ನಮ್ಮ ಗೆಜ್ಜೆ ಹಾಗೇ ಅಲ್ವಾ? ಚಿತ್ರದಲ್ಲಿ ನೋಡಿ ಬರೀ ಸರ ಅಂದುಕೊಂಡಿದ್ದೆ.

ಹಲ್ಲಿನ ಜೊತೆ ಮೂಳೆಯ ಚೂರುಗಳೂ ಇದ್ದವು. ಮುರಿದ ಮೂಳೆಗೆ ದಾರ ಕಟ್ಟಲು ಒಂದೋ ಎರಡೋ ಗೀರು, ಅಷ್ಟೇ. ನಾಜೂಕಿನ ಕೆಲಸವೇನಲ್ಲ. ಯಾವ ಪ್ರಾಣಿಯದೆಂದು ತಿಳಿಯಲು ಮೂಳೆಯ ಪ್ರೋಟೀನ್ ಪರೀಕ್ಷೆ ಮಾಡಿದರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. 37 ಚೂರುಗಳಲ್ಲಿ 12 ಮನುಷ್ಯನವು! ಓದಿ ಕಾಫಿ ಲೋಟ ಕೆಳಗಿಟ್ಟೆ. ಶತ್ರುವಿನದೋ, ಸತ್ತ ನೆಂಟರದೋ ಎಂದು ತಲೆ ಓಡಿತು. ಆದರೆ ಎಲ್ಕ್ ಮೂಳೆಗೂ ಮನುಷ್ಯನ ಮೂಳೆಗೂ ಹಾಕಿದ ಗೀರು ಒಂದೇ ಥರ. ಇದಕ್ಕೆಂದು ಬೇರೆ ಆರೈಕೆ ಕಾಣುವುದಿಲ್ಲ. ಬಹುಶಃ ಅವರಿಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ. ನನಗಂತೂ ಹಾಗನ್ನಿಸಿತು.

ಸಂಜೆ ಅಪ್ಪನೇ ಫೋನ್ ಮಾಡಿದರು. ಇದನ್ನೆಲ್ಲ ಹೇಳಿದೆ. ಮನುಷ್ಯನ ಮೂಳೆಯ ಬಗ್ಗೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅಷ್ಟು ಸದ್ದು ಮಾಡೋದನ್ನ ಕಟ್ಕೊಂಡು ಬೇಟೆಗೆ ಹೋದ್ರೆ, ಪ್ರಾಣಿ ಓಡಿ ಹೋಗಲ್ವೇನೋ?"