ತೋಳಕ್ಕ ಯಾಕ ಬೈಲಾಕತ್ತೀಯವ್ವಾ?

ಈ ವಾರ ಪೂರ್ತಿ ಒಂದೇ ಮಾತು ತಲ್ಯಾಗ ತಿರಗ್ಲಾಕತ್ತದ, ಬರದ್ರ ಆದ್ರೂ ಹಗುರ ಆಗ್ತದೇನೋ ಅಂತ ಬರೀತಿದ್ದೀನಿ.

ರವಿವಾರ ಊರಿಗಿ ಹೋಗಿದ್ದೆ, ಚಿಂಚೋಳಿ ದಾಟಿ ಮುಂದ. ತೊಗರಿ ರಾಶಿ ಮುಗದು ಹೊಲ ಖಾಲಿ ಅದ, ಗೊಬ್ಬರ ಆಗ್ತದಂತ ಅಣ್ಣ ಕುರಿ ನಿಂದರ್ಸ್ಯಾನ. ಕುರಿ ಕಾಯೋ ಮುತ್ಯಾ ಬದುವಿನ ಮ್ಯಾಲ ಕುಂತು ಚಾ ಕುಡೀತಿದ್ದ, ಬಾಜೂಕ ಅವನ ನಾಯಿ, ಕೊಳ್ಳಾಗ ಕಬ್ಬಿಣದ ಮುಳ್ಳಿನ ಪಟ್ಟಿ. ನನ್ನ ದನಿ ಟಿವ್ಯಾಗ ಬರ್ತದಂತ ಅಣ್ಣಗ ಭಾಳ ಹೆಮ್ಮಿ, ಸಿಕ್ಕೋರಿಗೆಲ್ಲಾ ಮೊಬೈಲ್ ತಗದು ಕೇಳಸ್ತಾನ, ಮುತ್ಯಾಗೂ ಫುಲ್ ವಾಲ್ಯೂಮ್ ಇಟ್ಟು ಕೇಳಿಸಿದ. ಪ್ರಾಣಿಗಳ ಚಾನೆಲ್ಲಿನ ಪ್ರೋಮೊ, ಅಂದ್ರ ತೋಳದ ಕಾರ್ಯಕ್ರಮದ ಜಾಹೀರಾತು, 30 ಸೆಕೆಂಡಿಂದು. "ಅವಳು ತಾಯಿ. ಅವಳು ಕೊಲೆಗಾತಿ. ಈ ಸೋಮವಾರ ರಾತ್ರಿ 9ಕ್ಕೆ... ಯಾರೂ ಸುರಕ್ಷಿತರಲ್ಲ."

ಮುತ್ಯಾ ಪೂರ್ತಿ ಕೇಳಿದ. ಆಮ್ಯಾಲ ನನ್ನ ಕಡಿ ನೋಡಿ, "ತೋಳಕ್ಕ ಯಾಕ ಬೈಲಾಕತ್ತೀಯವ್ವಾ?" ಅಂದ.

ಬೈದಿದ್ದಲ್ಲ ಮುತ್ಯಾ, ಕಾರ್ಯಕ್ರಮ ಬರ್ತದ, ಜನ ನೋಡ್ಲಿ ಅಂತ ಹಿಂಗ ಹೇಳ್ತಾರ ಅಂದೆ. ಅವ ತಲಿ ಅಲ್ಲಾಡಿಸಿದ. "ಹೋದ ವರ್ಷ ನನ್ನವು ಎರಡ್ ಮರಿ ಒಯ್ದದ. ಬೈದ್ರ ನಾ ಬೈಬೇಕು. ನಿಂದೇನ್ ಒಯ್ದದ?"

ಮುತ್ಯಾ ಸಾಧು ಏನಲ್ಲ, ತೋಳ ಕಂಡ್ರ ಕಲ್ಲು ಒಗೀತಾನ, ನಾಯಿ ಬಿಡ್ತಾನ, ಮರಿ ಹೋದಾಗ ರಾತ್ರಿ ಪೂರ್ತಿ ಬೈದೀನಿ ಅಂತ ಅವನೇ ಹೇಳಿದ. ಪರಿಹಾರದ ಅರ್ಜಿ ಹಾಕೋದು ಅವನ ಕೈಲೆ ಆಗೋ ಕೆಲಸ ಅಲ್ಲ. ಅಷ್ಟಾಗಿಯೂ, ಅದಕ್ಕೂ ಹೊಟ್ಟಿ ಅದ, ಮರಿ ಇರ್ತಾವ, ಅದರ ಪಾಲು ಅದು ಒಯ್ತದ ಅಂದ. ಕಳಕೊಂಡವ ಇಷ್ಟು ಹೇಳ್ತಾನಂದ್ರ, ಏನೂ ಕಳಕೊಳ್ಳದೇ ಇರೋ ನಾವು ಟಿವ್ಯಾಗ ಅಷ್ಟು ಜೋರಲೆ ಯಾಕ ಬೈತೀವಿ?

ಈ ಪ್ರೋಮೊ ಹ್ಯಾಂಗ ಆಗ್ತದ ಹೇಳ್ತೀನಿ. ಸ್ಕ್ರಿಪ್ಟ್ ಮುಂಬೈದಾಗ ಇಂಗ್ಲಿಷಿನಾಗ ಇಲ್ಲಾ ಹಿಂದ್ಯಾಗ ಬರೀತಾರ, ಯಾರೋ ಕನ್ನಡಕ್ಕ ತರ್ತಾರ, ಆಮ್ಯಾಲ ನನಗ ಬರ್ತದ. ಜೊತೀಗಿ ಸಣ್ಣ ಕ್ವಾಲಿಟಿ ವಿಡಿಯೋ, ಮ್ಯಾಲ ಸೆಕೆಂಡ್ ಲೆಕ್ಕ ತೋರ್ಸೋ ಟೈಮ್‌ಕೋಡ್ ಓಡ್ತಿರ್ತದ. ಇಂಗ್ಲಿಷಿನಾಗ ಎರಡು ಸೆಕೆಂಡಿನಾಗ ಮುಗಿಯೋದು ಕನ್ನಡದಾಗ ನಾಕು ಸೆಕೆಂಡ್ ತಗೋತದ, ಅದಕ್ಕ ಸಾಲು ಕತ್ತರಿಸಿ ಕತ್ತರಿಸಿ ಕೊನೀಗಿ ಉಳಿಯೋದು ಕೊಲೆ, ರಕ್ತ, ಸಾವು ಇಂಥ ಸಣ್ಣ ಮಾತು ಅಷ್ಟೇ. ಕಲಬುರಗಿ ಮನಿಯೊಳಗ ಒಂದು ಖೋಲಿಗಿ ಗ್ವಾಡಿ ತುಂಬ ಕೌದಿ ಕಟ್ಟೀನಿ, ಗುಂಯ್ ಅನ್ನಬಾರದಂತ, ರೆಕಾರ್ಡಿಂಗ್ ಟೈಮಿನಾಗ ಫ್ಯಾನ್ ಬಂದ್. ಶಿವರಾತ್ರಿ ಮುಗದ ಮ್ಯಾಲ ನಮ್ಮ ಕಡಿ ಫ್ಯಾನ್ ಇಲ್ಲದ ಖೋಲಿ ಅಂದ್ರ ಏನಂತ ಇಲ್ಲಿಯವರಿಗೆ ಗೊತ್ತು. ಪ್ರೋಮೊ ಓದಿದ ಮ್ಯಾಲ ಟ್ಯಾಗ್ ಬ್ಯಾರೆ ಬ್ಯಾರೆ ಓದಬೇಕು, "ಈ ಸೋಮವಾರ", "ನಾಳೆ ರಾತ್ರಿ", "ಇಂದು ರಾತ್ರಿ", ಎಲ್ಲಾದರಾಗೂ ದನಿಯ ತೂಕ ಒಂದೇ ಇರಬೇಕು.

ಪ್ರೊಡ್ಯೂಸರ್ ಹುಡುಗ ಒಳ್ಳೆಯವ, ದುಡ್ಡು ತಡ ಮಾಡಲ್ಲ, ಮರ್ಯಾದಿ ಕೊಟ್ಟು ಮಾತಾಡ್ತಾನ. ಫೋನಿನಾಗ ಕುಂತು ಕೇಳ್ತಾ, "ಮೇಡಂ ಇನ್ನೂ ಹೆದರಿಸ್ಬೇಕು, ಮೈಕಿಗೆ ಹತ್ರ ಬನ್ನಿ" ಅಂದ. ಮೈಕಿಗಿ ಬಾಯಿ ಹತ್ತರ ಒಯ್ದಂಗ ದನಿ ದಪ್ಪ ಆಗ್ತದ, ಎದಿಯೊಳಗಿಂದ ಬಂದಂಗ ಕೇಳ್ತದ, ಅದು ಅವರಿಗಿ ಬೇಕು. ನಾ ಇನ್ನೊಂದು ಟೇಕ್ ಮೆಲ್ಲಗ, ಗುಟ್ಟು ಹೇಳಿದಂಗ ಓದಿ ಕಳಿಸಿದೆ. "ಚೆನ್ನಾಗಿದೆ ಮೇಡಂ, ಆದ್ರೆ ಇದಕ್ಕೆ ರಿಮೋಟ್ ನಿಲ್ಲಲ್ಲ" ಅಂದ. ಅವನ ಲೆಕ್ಕ ಅದು, ಚಾನೆಲ್ ಬದಲಿ ಮಾಡೋ ಬೆರಳು ನಿಂದರಬೇಕು.

ಆದ್ರ ಆ ವಿಡಿಯೋದಾಗ ಇರೋದೇನು ಗೊತ್ತಾ? ತೋಳ ಬಾಯಿ ದೊಡ್ಡದಾಗಿ ತಗೀತದ, ಹಲ್ಲು ಪೂರಾ ಕಾಣ್ತಾವ, ಮ್ಯಾಲ ಗುರ್ ಅನ್ನೋ ಸೌಂಡ್ ಹಾಕ್ಯಾರ, ಅದರ ಮ್ಯಾಲೇ ನನ್ನ "ಕೊಲೆಗಾತಿ" ಬೀಳ್ತದ. ಅದಕಿಂತ ಹಿಂದಿನ ತುಣುಕು ಅವರು ಪ್ರೋಮೊದಾಗ ಹಾಕಿಲ್ಲ, ನನಗ ಕಳಿಸಿದ ಫೈಲಿನಾಗ ಇತ್ತು. ತಾಯಿ ಬ್ಯಾಟಿ ಮುಗಿಸಿ ಬಂದದ, ಮರಿಗೋಳು ಕಿವಿ ಹಿಂದ ಮಾಡಿ ಬಾಲ ಅಲ್ಲಾಡಸ್ಕೋತ ಅದರ ಬಾಯಿ ನೆಕ್ಕತಾವ, ಹಂಗ ನೆಕ್ಕಿದ್ರ ತಾಯಿ ಹೊಟ್ಟ್ಯಾಗಿನ ಮಾಂಸ ಕಕ್ಕಿ ಮರಿಗೋಳಿಗಿ ಹಾಕ್ತದ, ತೋಳ ಮರಿಗಿ ಉಣಸೋದೇ ಹಂಗ. ಆ ಬಾಯಿ ತಗದದ್ದು ಮರಿಗಿ ಉಣಸ್ಲಾಕ! ಹೊಲದಾಗ ಮುತ್ಯಾನ ಮುಂದ ಕುಂತಾಗ ಇದೇ ಶಾಟ್ ಕಣ್ಣಮುಂದ ಬರ್ತಿತ್ತು.

ಕಾರ್ಯಕ್ರಮ ಪೂರ್ತಿ ನೋಡಿದ್ರ ಎಲ್ಲಾ ತಿಳಿತದಲ್ಲ ಅಂತ ಕೆಲವರು ಅಂತಾರ. ಹೌದು, ನೋಡಿದವರಿಗೆ ತಿಳಿತದ. ಆದ್ರ ಸೋಮವಾರ 9ಕ್ಕ ಕುಂತು ನೋಡೋರು ಎಷ್ಟು ಮಂದಿ? ಪ್ರೋಮೊ ಮಾತ್ರ ದಿನಾ ಪೂರ್ತಿ ಬರ್ತದ, ರೊಟ್ಟಿ ಬಡಿಯೋಳು ಕೇಳ್ತಾಳ, ಪಾಠ ಓದೋ ಹುಡುಗ ಕೇಳ್ತಾನ, ಅವರ ಪಾಲಿಗಿ ತೋಳ ಅಂದ್ರ ಆ 30 ಸೆಕೆಂಡೇ. 2024ರಾಗ ಉತ್ತರ ಪ್ರದೇಶದ ಬಹರಾಯಿಚ್‌ದಾಗ ತೋಳ ಮಕ್ಕಳನ್ನ ಕೊಂದದ್ದು ಖರೆ, ಆ ತಾಯಂದಿರ ಸಂಕಟ ನೆನದ್ರ ಇವತ್ತೂ ಎದಿ ಝಲ್ ಅಂತದ, ಅದನ್ನ ಸಣ್ಣದು ಅಂತ ಯಾವಳೂ ಅನ್ನಲ್ಲ. ಆದ್ರ ಆ ದಿನಗಳಾಗ ಸುದ್ದಿ ಚಾನೆಲ್ಲಿನ ದನಿ ಕೇಳಿ ಇಲ್ಲಿ ನಮ್ಮ ಓಣ್ಯಾಗ ನರಿ ಕಂಡ್ರೂ ಬಡಿಗಿ ತಗೊಂಡು ಓಡೋರು ಇದ್ರು. ದೇಶದಾಗ ತೋಳ ಉಳಿದಿದ್ದು ಸುಮಾರು 3 ಸಾವಿರ ಅಂತ ಅಂದಾಜು, ಹುಲಿ ಆದ್ರೂ ಇದಕಿಂತ ಹೆಚ್ಚು ಅವ. 1972ರ ವನ್ಯಜೀವಿ ಕಾಯ್ದಿಯೊಳಗ ಎಲ್ಲಾದಕಿಂತ ಹೆಚ್ಚು ರಕ್ಷಣಾ ಕೊಡೋ ಮೊದಲನೇ ಪಟ್ಟಿಯೊಳಗ, ಹುಲಿ ಜೊತಿಗೇ ತೋಳದ ಹೆಸರೂ ಅದ. ಆದ್ರ ಹುಲಿ ಪ್ರೋಮೊಕ್ಕ "ಕಾಡಿನ ರಾಜ", ತೋಳಕ್ಕ "ಕೊಲೆಗಾತಿ".

ನಮ್ಮ ಚಿಂಚೋಳಿ ವನ್ಯಧಾಮ ಘೋಷಣಾ ಆಗಿದ್ದು 2011ರಾಗ, 134.88 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ, ಚಿಗರಿ ಎಲ್ಲಾ ಅಲ್ಲಿ ಅವ, ಅದರ ಸುತ್ತ ಹಳ್ಳಿ, ತಾಂಡಾ, ಕುರಿ ಹಟ್ಟಿ ಅವ. ದೊಡ್ಡ ಕಾಡು ದೂರ ಇರೋ ಊರಿನ್ಯಾಗ ಹೆದರಿಸಿದ್ರ ಅದು ಮಜಾ ಆಗಿ ಹೋಗ್ತದ. ಇಲ್ಲಿ ಹಂಗಲ್ಲ, ಇಲ್ಲಿ ಹೆದರಿದವರ ಕೈಯಾಗ ಉರುಲು ಇರ್ತದ, ವಿಷ ಹಚ್ಚಿದ ಮಾಂಸ ಇರ್ತದ.

ಇನ್ನೊಂದು ಮಾತು, ಇದು ನನ್ನ ಮನಸಿಗಿ ಭಾಳ ಹತ್ತಿದ್ದು. ನಾವು ಸಣ್ಣೋರಿದ್ದಾಗ ಡಿಸ್ಕವರಿ ಚಾನೆಲ್ ಹಿಂದ್ಯಾಗ ನೋಡಿದೋರು. ತಮಿಳು, ತೆಲುಗಿನಾಗ ಬರ್ತಿತ್ತು, ಕನ್ನಡದಾಗ ಡಬ್ಬಿಂಗ್ ಬ್ಯಾಡ ಅನ್ನೋ ಜಗಳ, ನಮ್ಮ ಹುಡುಗ್ರು ಆನಿ, ಹುಲಿ, ತಿಮಿಂಗಿಲ ಎಲ್ಲಾದರ ಕತಿ ಬ್ಯಾರೆ ಭಾಷೆದಾಗೇ ಕೇಳಿದ್ರು. 2015ರಾಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಸ್ಪರ್ಧಾ ಆಯೋಗದ ಆದೇಶ ಬಂತು, ಮೆಲ್ಲಗ ಬಾಗಿಲು ತೆರೀತು. 2020ರ ಜೂನಿನಾಗ "ವೈಲ್ಡ್ ಕರ್ನಾಟಕ" ಅನ್ನೋ ನಮ್ಮ ಕಾಡಿನ ಸಾಕ್ಷ್ಯಚಿತ್ರ ಡಿಸ್ಕವರಿಯೊಳಗ ರಿಷಭ್ ಶೆಟ್ಟಿ ದನಿಯಾಗ ಕನ್ನಡದಾಗ ಬಂದಾಗ ನಮ್ಮವ್ವ ಕೊನೀತನಕ ಎದ್ದು ಹೋಗ್ಲಿಲ್ಲ. ಇಷ್ಟು ವರ್ಷ ಕಾದು ಬಂದ ಕನ್ನಡ, ಅದು ಪ್ರಾಣಿ ಪರಿಚಯ ಮಾಡಿಸೋ ಮೊದಲನೇ ಮಾತೇ ಬೈಗುಳ ಆದ್ರ ಹ್ಯಾಂಗ?

ಮೆಲ್ಲಗ ಹೇಳಿದ್ರ ಯಾರೂ ಕೇಳಲ್ಲ ಅನ್ನೋದೂ ನಾ ಒಪ್ಪಲ್ಲ. 1978ರಾಗ ಬಿಬಿಸಿಯ ಪ್ರಾಣಿ ಕಾರ್ಯಕ್ರಮ ಮಾಡೋ ಡೇವಿಡ್ ಅಟೆನ್‌ಬರೋ ರುವಾಂಡಾದ ಬೆಟ್ಟದಾಗ ಗೊರಿಲ್ಲಾಗಳ ನಡುವ ಕುಂತು ಪಿಸುಪಿಸು ಮಾತಾಡಿದ್ದನ್ನ ಜಗತ್ತು ಇವತ್ತಿಗೂ ನೋಡ್ತದ. ಬಾಜೂಕ ಗೊರಿಲ್ಲಾ ಕುಂತದ, ಅದಕ್ಕ ಆ ದನಿ ಹಂಗ ಬಂತು. ಪ್ರಾಣಿ ಹತ್ತರ ಇದ್ದವರ ದನಿ ತಾನೇ ಇಳೀತದ, ಮುತ್ಯಾನ ದನಿಯೂ ಹಂಗೇ ಇತ್ತು.

ಮೊನ್ನೆ ಹೊಸ ಸ್ಕ್ರಿಪ್ಟ್ ಬಂದದ, ಕತ್ತೆಕಿರುಬದ್ದು. "ಸ್ಮಶಾನದ ಕಳ್ಳ ಬರುತ್ತಿದ್ದಾನೆ" ಅಂತ ಶುರು. ಸತ್ತ ದನ ತಿಂದು ಎಲಬು ಸೈತ ಕಡದು ಊರ ಹೊರಗ ಸ್ವಚ್ಛ ಮಾಡೋ ಪ್ರಾಣಿ ಅದು. ನಾ ಟೈಮ್‌ಕೋಡ್ ನೋಡಿ, ಅಷ್ಟೇ ಸೆಕೆಂಡಿಗಿ ಕೂಡೋ ಬ್ಯಾರೆ ಸಾಲು ಬರದೆ: "ಊರಾಚೆ ಎಸೆದ ಸತ್ತ ದನ, ಬೆಳಗಾಗುವಷ್ಟರಲ್ಲಿ ಎಲ್ಲಿ ಹೋಯ್ತು?" ರಿಮೋಟ್ ಇದಕ್ಕೂ ನಿಲ್ತದ, ಓದಿ ನೋಡಿದೆ, ನಾಕು ಸೆಕೆಂಡಿನಾಗ ಆರಾಮ್ ಕೂಡ್ತದ. ಆಡಿಯೋ ಮಾಡಿ ಕಳಿಸೀನಿ. "ಮೇಲಿನವರಿಗೆ ಕೇಳಿಸ್ತೀನಿ ಮೇಡಂ" ಅಂದಾನ. ಒಪ್ಪಿದ್ರ ಇದೇ ವಾರ ರೆಕಾರ್ಡಿಂಗ್, ಇಲ್ಲಂದ್ರ ಈ ಒಂದು ಪ್ರೋಮೊ ಬ್ಯಾರೆಯವರಿಗೆ ಕೊಡ್ರಿ ಅಂತ ಹೇಳೀನಿ.